ಚಿತ್ರಪಟವೂ ಚರಿತ್ರೆಯ ಪಾಠವೂ

ಚಿತ್ರವನ್ನು ನೋಡುವುದಕ್ಕೆ ಕಣ್ಣಿದ್ದರೆ ಸಾಕು ಎಂಬುದು ನಮ್ಮಲ್ಲಿ ಬಹುಜನರ ನಂಬಿಕೆ. ಪದ್ಯಕ್ಕೆ ಅನ್ವಯ, ಭಾವಾರ್ಥಗಳು ಬೇಕು. ಶಾಸನಕ್ಕೆ ಲಿಪಿಜ್ಞಾನ ಬೇಕು. ಚಿತ್ರಕ್ಕೆ ಮಾತ್ರ ಏನೂ ಬೇಡ! ಈ ನಂಬಿಕೆಯ ಫಲವಾಗಿ ಇತಿಹಾಸದ ಪಠ್ಯಪುಸ್ತಕಗಳಲ್ಲಿ ಚಿತ್ರಗಳು ಹಬ್ಬದ ತೋರಣದಂತೆ ಅಲಂಕಾರಕ್ಕೆ ತೂಗಾಡುತ್ತವೆಯೇ ಹೊರತು ಸಾಕ್ಷಿಗಳಾಗಿ ಬಂದು ನಿಲ್ಲುವುದಿಲ್ಲ. ಅಮೆರಿಕದ ಇತಿಹಾಸವನ್ನು ಐಚ್ಛಿಕವಾಗಿ ಓದುತ್ತಿರುವ ನಾವು ಕೆಲವರು, ನಮ್ಮ ಇತಿಹಾಸ ಸಂಘದ ಆಶ್ರಯದಲ್ಲಿ, ಹತ್ತೊಂಬತ್ತನೆಯ ಶತಮಾನದ ಕೆಲವು ಅಮೆರಿಕನ್ ಚಿತ್ರಗಳನ್ನು ಕಿರಿಯ ತರಗತಿಯವರಿಗೆ ವಿವರಿಸುವ ಕಾರ್ಯವನ್ನು ಈ ವರ್ಷ ಕೈಗೊಂಡೆವು. ಆ ಸಂದರ್ಭದಲ್ಲಿ ನನಗೆ ತೋರಿದ ವಿಚಾರಗಳನ್ನು ವಾಚಕರ ಮುಂದಿಡುತ್ತೇನೆ.

ಮೊದಲು ಸಾಮಗ್ರಿಯ ಮಾತು. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ವಸ್ತುಸಂಗ್ರಹಾಲಯವು 2017ರಲ್ಲಿ 3,75,000ಕ್ಕೂ ಹೆಚ್ಚು ಪ್ರತಿಚಿತ್ರಗಳನ್ನೂ, ಸ್ಮಿತ್‌ಸೋನಿಯನ್ ಸಂಸ್ಥೆಯು 2020ರಲ್ಲಿ ಸುಮಾರು 28 ಲಕ್ಷ ಪ್ರತಿಚಿತ್ರಗಳನ್ನೂ ಯಾರು ಬೇಕಾದರೂ ಉಚಿತವಾಗಿ ಬಳಸಬಹುದೆಂದು ಬಿಟ್ಟುಕೊಟ್ಟವು. ಅದಕ್ಕೂ ಮೊದಲೇ, 2008ರಲ್ಲಿ, ಅಮೆರಿಕದ ಮಾನವಿಕ ವಿದ್ಯೆಗಳ ರಾಷ್ಟ್ರೀಯ ನಿಧಿಯು 40 ಕಲಾಕೃತಿಗಳ ದೊಡ್ಡ ಮುದ್ರಿತ ಪ್ರತಿಗಳನ್ನು, ಉಪಾಧ್ಯಾಯರ ಕೈಪಿಡಿಯೊಂದಿಗೆ, ಅಲ್ಲಿನ ಶಾಲೆಗಳಿಗೂ ಗ್ರಂಥಾಲಯಗಳಿಗೂ ಹಂಚಿದ್ದಿತು. ಹೀಗಾಗಿ, ಸಮುದ್ರ ದಾಟದ ನಮ್ಮಂಥವರು ಕೂಡ ಕಲಾವಿದನ ಕುಂಚದ ಗೆರೆಯನ್ನು ಕಾವಲುಗಾರನ ಗದರಿಕೆಯಿಲ್ಲದೆ ಹತ್ತಿರದಿಂದ ನೋಡಬಹುದು.

ಆದರೆ ಪರದೆಯ ಮೇಲಿನ ಚಿತ್ರಕ್ಕೆ ಗಾತ್ರವಿಲ್ಲ. ಅಂಚೆಚೀಟಿಯೂ ಆಳೆತ್ತರದ ಪಟವೂ ಅಲ್ಲಿ ಒಂದೇ. ಇಮ್ಯಾನುಯೆಲ್ ಲಾಯ್ಟ್ಸೆಯು 1851ರಲ್ಲಿ ಚಿತ್ರಿಸಿದ, ವಾಷಿಂಗ್ಟನ್ ಡೆಲವೇರ್ ನದಿಯನ್ನು ದಾಟುವ ಪಟದ ಅಳತೆ ಸುಮಾರು 378 ಸೆಂಟಿಮೀಟರ್ ಎತ್ತರ, 647 ಸೆಂಟಿಮೀಟರ್ ಅಗಲ. ಕಾಲೇಜಿನ ಹಿಂಬದಿಯ ಗೋಡೆಯ ಮೇಲೆ ಸೀಮೆಸುಣ್ಣದಿಂದ ಆ ಚೌಕವನ್ನು ಎಳೆದಾಗ ಏಣಿ ತರಿಸಬೇಕಾಯಿತು. ಅದರ ಮುಂದೆ ನಿಂತ ಮೇಲೆಯೇ, ಇದು ಮನೆಗಾಗಿ ಬರೆದ ಚಿತ್ರವಲ್ಲ, ಜನಸ್ತೋಮದ ಮುಂದೆ ಭಾಷಣ ಮಾಡಲು ಬರೆದದ್ದು ಎಂಬುದು ಎಲ್ಲರಿಗೂ ವಿಶದವಾಯಿತು. (ನದಿ ದಾಟಿದ್ದು 1776ರ ಡಿಸೆಂಬರಿನಲ್ಲಿ, ಚಿತ್ರದಲ್ಲಿ ಹಾರುವ ನಕ್ಷತ್ರಪಟ್ಟೆಗಳ ಬಾವುಟ ಅಂಗೀಕೃತವಾದದ್ದು 1777ರಲ್ಲಿ. ಭಾಷಣಕಾರರಿಗೆ ಇಷ್ಟು ಸ್ವಾತಂತ್ರ್ಯ ಎಲ್ಲ ದೇಶಗಳಲ್ಲಿಯೂ ಉಂಟು.)

ಇನ್ನು ಬೋಧನೆಯ ಕ್ರಮ. ಫಿಲಿಪ್ ಯೆನವೈನ್, ಅಬಿಗೇಲ್ ಹೌಸೆನ್ ಎಂಬಿಬ್ಬರು ರೂಪಿಸಿದ ಪದ್ಧತಿಯೊಂದು ಅಲ್ಲಿನ ಸಂಗ್ರಹಾಲಯಗಳಲ್ಲಿ ಪ್ರಚಾರದಲ್ಲಿದೆ. ಚಿತ್ರದಲ್ಲಿ ಏನು ನಡೆಯುತ್ತಿದೆ, ಏನನ್ನು ಕಂಡು ಹಾಗೆ ಹೇಳುತ್ತೀರಿ, ಇನ್ನೇನು ಕಾಣುತ್ತದೆ ಎಂಬ ಮೂರು ಬಗೆಯ ಪ್ರಶ್ನೆಗಳನ್ನಷ್ಟೇ ಅಧ್ಯಾಪಕನು ಕೇಳತಕ್ಕದ್ದು, ಉಪನ್ಯಾಸ ಕೂಡದು. ಎರಡನೆಯ ಪ್ರಶ್ನೆಯೇ ಇದರ ಜೀವಾಳ. ಬಾಯಿಗೆ ಬಂದುದನ್ನು ಹೇಳುವವನು ಅಲ್ಲಿ ತಬ್ಬಿಬ್ಬಾಗುತ್ತಾನೆ. ಆದರೂ ಈ ಕ್ರಮಕ್ಕೊಂದು ಮಿತಿಯುಂಟೆಂಬುದು ನನ್ನ ಅಭಿಪ್ರಾಯ. ವಿನ್ಸ್ಲೊ ಹೋಮರನ 1865ರ ಚಿತ್ರವೊಂದರಲ್ಲಿ, ಯುದ್ಧ ಮುಗಿಸಿ ಬಂದ ಸೈನಿಕನು ನಮಗೆ ಬೆನ್ನು ತಿರುಗಿಸಿ ಗೋಧಿಯನ್ನು ಕೊಯ್ಯುತ್ತಿದ್ದಾನೆ. ಬಿಚ್ಚಿಟ್ಟ ಸೈನಿಕ ಅಂಗಿ, ನೀರಿನ ಬುಡ್ಡಿ ಮೂಲೆಯಲ್ಲಿ ಬಿದ್ದಿರುವುದನ್ನು ನಮ್ಮ ಹುಡುಗರು ತಾವಾಗಿಯೇ ಪತ್ತೆ ಹಚ್ಚಿದರು. ಆದರೆ ಹೋಮರನು ಮೊದಲು ಕುಡುಗೋಲಿಗೆ ತೆನೆ ಒಟ್ಟುವ ಕಡ್ಡಿಗಳ ಚೌಕಟ್ಟನ್ನು ಬರೆದು, ಆಮೇಲೆ ಅದನ್ನು ಅಳಿಸಿ ಒಂಟಿ ಅಲಗನ್ನು ಉಳಿಸಿದನಷ್ಟೆ. ಅಳಿಸಿದ ಗುರುತು ಈಗಲೂ ಮಸಕಾಗಿ ಕಾಣುತ್ತದೆ. ಪಾಶ್ಚಾತ್ಯರಲ್ಲಿ ಮೃತ್ಯುವಿನ ಕೈಯ ಆಯುಧವೇ ಆ ಒಂಟಿ ಅಲಗಿನ ಕುಡುಗೋಲು. ನಮ್ಮ ಯಮನ ಕೈಯಲ್ಲಿರುವುದು ಪಾಶ. ಕುಡುಗೋಲು ಕಂಡರೆ ನಮಗೆ ಸುಗ್ಗಿ ನೆನಪಾದೀತೇ ಹೊರತು ಸಾವಲ್ಲ. ಆರು ಲಕ್ಷಕ್ಕೂ ಮಿಕ್ಕ ಸೈನಿಕರು ಸತ್ತ ಅಂತರ್ಯುದ್ಧ, ಆ ಏಪ್ರಿಲಿನಲ್ಲೇ ಕೊಲೆಯಾದ ಲಿಂಕನ್: ಇವನ್ನೆಲ್ಲ ಕಣ್ಣು ತಾನಾಗಿ ಕಾಣಲಾರದು. ಯಾರಾದರೂ ಹೇಳಲೇಬೇಕು.

ಸಂಗ್ರಹಾಲಯದ ಟಿಪ್ಪಣಿಗಳನ್ನು ಕನ್ನಡಕ್ಕೆ ತರುವಾಗ ನಮಗೆ ಅತ್ಯಂತ ತೊಡಕಾದ ಪದ 'ವಿಲ್ಡರ್ನೆಸ್'. ಇಂಗ್ಲೆಂಡಿನಲ್ಲಿ ಹುಟ್ಟಿ 1818ರಲ್ಲಿ ಅಮೆರಿಕಕ್ಕೆ ಹೋದ ಥಾಮಸ್ ಕೋಲ್ 1836ರಲ್ಲಿ ಕನೆಕ್ಟಿಕಟ್ ನದಿಯ ತಿರುವೊಂದನ್ನು ಬೆಟ್ಟದ ಮೇಲಿನಿಂದ ಚಿತ್ರಿಸಿದನು. ಎಡಗಡೆ ಮುರಿದ ಮರ, ಹಿಂದೆಗೆಯುತ್ತಿರುವ ಬಿರುಮಳೆ. ಬಲಗಡೆ ಬಿಸಿಲು, ಬೇಲಿ, ಹೊಲಗದ್ದೆ. ನಡುವೆ, ಬಂಡೆಗಳ ಸಂದಿನಲ್ಲಿ, ಟೊಪ್ಪಿಗೆಯಿಟ್ಟ ಚಿತ್ರಕಾರನೇ ಕುಳಿತು ನಮ್ಮತ್ತ ತಿರುಗಿ ನೋಡುತ್ತಿದ್ದಾನೆ. ಎಡಭಾಗವನ್ನು 'ಅರಣ್ಯ' ಎನ್ನೋಣವೆಂದರೆ ನಮ್ಮ ಅರಣ್ಯದಲ್ಲಿ ಋಷ್ಯಾಶ್ರಮಗಳಿವೆ. 'ಕಾಡು' ಎನ್ನೋಣವೆಂದರೆ ಕಾಡಿನಲ್ಲಿ ಬೇಡರು, ಕುರುಬರು, ಸೋಲಿಗರು ಇದ್ದಾರೆ. ಮನುಷ್ಯನೇ ಇಲ್ಲದ ಕಾಡಿಗೆ ಕನ್ನಡದಲ್ಲಿ ಮಾತು ಸಿಕ್ಕಲಿಲ್ಲ. ಆಗ ಎದ್ದ ಪ್ರಶ್ನೆ: ಅಮೆರಿಕದ ಕಾಡುಗಳಾದರೂ ಬರಿದಾಗಿದ್ದವೇ? ಇಂಡಿಯನ್ನರನ್ನು ಮಿಸಿಸಿಪಿಯ ಆಚೆಗೆ ಸಾಗಹಾಕುವ ಶಾಸನ ಬಂದದ್ದು 1830ರಲ್ಲಿ. ಚೆರೊಕೀ ಜನರನ್ನು ಸಿಪಾಯಿಗಳ ಕಾವಲಿನಲ್ಲಿ ನಡೆಸಿಕೊಂಡು ಹೋದದ್ದು 1838ರಲ್ಲಿ. ಕೋಲನ ಪಟ ಈ ಎರಡರ ನಡುವೆ ಬರುತ್ತದೆ, ಅದರಲ್ಲಿ ಒಬ್ಬ ಇಂಡಿಯನ್ನನೂ ಇಲ್ಲ. ಇಲ್ಲದಿರುವುದನ್ನು ನೋಡುವ ಪಾಠ ನಮಗೆ ಶುರುವಾದದ್ದು ಹೀಗೆ, ಒಂದು ಪದದ ಜಗಳದಿಂದ.

ಇದ್ದವರನ್ನು ಬರೆದವನು ಜಾರ್ಜ್ ಕ್ಯಾಟ್ಲಿನ್. ಅಸಿನಿಬೋಯಿನ್ ಪಂಗಡದ ವಿಜುಂಜಾನ್ ಎಂಬಾತನನ್ನು ಒಂದೇ ಪಟದಲ್ಲಿ ಎರಡು ಸಲ ಚಿತ್ರಿಸಿದ್ದಾನೆ: ವಾಷಿಂಗ್ಟನ್ನಿಗೆ ಹೋಗುವಾಗ ಗರಿಯ ಕಿರೀಟ; ಬರುವಾಗ ಸೈನ್ಯದ ಉಡುಪು, ಎತ್ತರದ ಟೊಪ್ಪಿಗೆ, ಕೊಡೆ, ಬೀಸಣಿಗೆ, ಜೇಬಿನಲ್ಲಿ ಮದ್ಯದ ಸೀಸೆ. ನಮ್ಮ ನಾಟಕಗಳ 'ವಿಲಾಯಿತಿ ರಿಟರ್ನ್ಡ್' ಪಾತ್ರವೆಂದು ಎಲ್ಲರೂ ನಕ್ಕರು. ನಾವು ನಮ್ಮವರನ್ನು ನಾವೇ ನಗುವುದು ಬೇರೆ. ಇವನನ್ನು ನಗಿಸುತ್ತಿರುವ ಕೈ ಯಾರದು ಎಂದು ಅಧ್ಯಾಪಕರೊಬ್ಬರು ಕೇಳಿದ ಮೇಲೆ ನಗು ನಿಂತಿತು. ಕ್ಯಾಟ್ಲಿನ್ ಈ ಚಿತ್ರಗಳನ್ನು ಲಂಡನ್ ಪ್ಯಾರಿಸುಗಳಲ್ಲಿ ಪ್ರದರ್ಶಿಸಿ ಹಣಕ್ಕಾಗಿ ಪಾಡುಪಟ್ಟವನು. ಆದರೂ ಅವನಿಲ್ಲದಿದ್ದರೆ ಎಷ್ಟೋ ಮುಖಗಳು ನಮಗೆ ಉಳಿಯುತ್ತಿರಲಿಲ್ಲ. ಎರಡೂ ನಿಜ.

ಎಲ್ಲಕ್ಕಿಂತ ಹೆಚ್ಚು ಹೊತ್ತು ನಾವು ನಿಂತದ್ದು ಹೋಮರನ 1876ರ ಚಿತ್ರದ ಮುಂದೆ. ಗುಲಾಮಗಿರಿ ರದ್ದಾಗಿ ಹನ್ನೊಂದು ವರ್ಷ. ಹಳೆಯ ಒಡತಿ ತನ್ನ ಹಿಂದಿನ ದಾಸಿಯರ ಗುಡಿಸಿಲಿಗೆ ಬಂದಿದ್ದಾಳೆ. ಬಲಗಡೆ ಅವಳು, ಎಡಗಡೆ ಮೂವರು ನೀಗ್ರೊ ಸ್ತ್ರೀಯರು ಮತ್ತು ಒಂದು ಮಗು. ನಡುವೆ ತೆರಪು. ಅಷ್ಟೆ, ಏನೂ ನಡೆಯುತ್ತಿಲ್ಲ. ಟಿಪ್ಪಣಿಯನ್ನು ನಾವಿನ್ನೂ ಓದಿರಲಿಲ್ಲ. ಹಿಂದಿನ ಬೆಂಚಿನಿಂದ, ಹಳ್ಳಿಯಿಂದ ದಿನವೂ ಬಸ್ಸಿನಲ್ಲಿ ಬರುವ, ಎಂದೂ ತುಟಿ ಬಿಚ್ಚದ ಹುಡುಗನೊಬ್ಬ, "ಆ ಕೂತಿರೋಳು ಎದ್ದಿಲ್ಲ, ಸಾರ್" ಎಂದ. ಏನನ್ನು ಕಂಡು ಹಾಗೆ ಹೇಳುತ್ತೀಯೆ ಎಂಬ ನಮ್ಮ ಎರಡನೆಯ ಪ್ರಶ್ನೆಯನ್ನು ಯಾರೂ ಕೇಳಲಿಲ್ಲ. ಒಡೆಯರು ಬಂದಾಗ ಜಗುಲಿಯಿಂದ ಯಾರು ಏಳಬೇಕು, ಯಾರು ಕೂತಿರಬಹುದು ಎಂಬ ಲೆಕ್ಕ ತಿಳಿಯದವರು ಆ ಕೊಠಡಿಯಲ್ಲಿ ಇರಲಿಲ್ಲ. ಆಮೇಲೆ ಟಿಪ್ಪಣಿಗಳನ್ನು ತೆರೆದು ನೋಡಿದರೆ, ಕುಳಿತೇ ಇರುವ ಆ ಹೆಂಗಸನ್ನು ಕುರಿತೇ ವಿದ್ವಾಂಸರೂ ಬರೆದಿದ್ದಾರೆ. ಹುಡುಗ ಅವರಿಗಿಂತ ಬೇಗ ಕಂಡಿದ್ದ.

ನಾವು ಆರಿಸಿದ ಚಿತ್ರಗಳೆಲ್ಲ ಬಿಳಿಯರ ಕೈಯವೆಂಬ ಆಕ್ಷೇಪ ಸಭೆಯಲ್ಲಿಯೇ ಬಂದಿತು. ಅದು ನ್ಯಾಯವಾದ ಆಕ್ಷೇಪ. ಆದ್ದರಿಂದ ಮುಂದಿನ ಸಭೆಗೆ ಹೆನ್ರಿ ಒಸ್ಸಾವಾ ಟ್ಯಾನರ್ ಎಂಬ ನೀಗ್ರೊ ಕಲಾವಿದನ 1893ರ ಚಿತ್ರವನ್ನು ಗೊತ್ತುಮಾಡಿದ್ದೇವೆ. ಅದು ವರ್ಜೀನಿಯದ ಹ್ಯಾಂಪ್ಟನ್ ವಿಶ್ವವಿದ್ಯಾನಿಲಯದ ಸಂಗ್ರಹಾಲಯದಲ್ಲಿದೆ. ಮುದುಕನೊಬ್ಬ ಹುಡುಗನನ್ನು ತೊಡೆಗೊರಗಿಸಿಕೊಂಡು ಬ್ಯಾಂಜೊ ನುಡಿಸಲು ಕಲಿಸುತ್ತಿದ್ದಾನೆ. ಒಂದು ಕಡೆಯಿಂದ ಹಗಲಿನ ತಣ್ಣನೆಯ ಬೆಳಕು, ಇನ್ನೊಂದು ಕಡೆಯಿಂದ ಒಲೆಯ ಕೆಂಬೆಳಕು. ಟಿಪ್ಪಣಿಯ ಭಾಷಾಂತರ ಅರ್ಧ ಮುಗಿದಿದೆ. ಸೀಮೆಸುಣ್ಣದ ಚೌಕಕ್ಕೆ ಈ ಸಲ ಏಣಿ ಬೇಕಾಗುವುದಿಲ್ಲ.