ಕಪಾಟಿನಲ್ಲಿ ಕುಳಿತ ವರದಿ

ಪಶ್ಚಿಮ ಘಟ್ಟದ ನಕ್ಷೆಯ ಮೇಲೆ ಚೌಕಗಳು. ಒಂದೊಂದು ಚೌಕ ಸುಮಾರು 9 ಕಿಲೋಮೀಟರ್ ಉದ್ದ, ಅಷ್ಟೇ ಅಗಲ. ಇಲ್ಲಿ ಕಾಡೆಷ್ಟು ಉಳಿದಿದೆ, ಇಳಿಜಾರು ಎಷ್ಟು ಕಡಿದು, ಬೇರೆಲ್ಲೂ ಕಾಣದ ಜೀವಿಗಳು ಇಲ್ಲಿವೆಯೇ? ಚೌಕ ಚೌಕಕ್ಕೂ ಲೆಕ್ಕ. ಪರಿಸರ ವಿಜ್ಞಾನಿ ಮಾಧವ ಗಾಡ್ಗೀಳ್ ನೇತೃತ್ವದ ತಜ್ಞರ ಸಮಿತಿ ಹೀಗೆ ಆರು ರಾಜ್ಯಗಳ ಘಟ್ಟವನ್ನು ತೂಗಿ ನೋಡಿ ಮೂರು ಸೂಕ್ಷ್ಮ ವಲಯಗಳಾಗಿ ವಿಂಗಡಿಸಿತು. ಹಾಸನ ಜಿಲ್ಲೆಯ ಗುಂಡ್ಯ ಜಲವಿದ್ಯುತ್ ಯೋಜನೆಗೆ ಅನುಮತಿ ಬೇಡವೆಂದೂ ಹೇಳಿತು.

ಸಮಿತಿಯನ್ನು 2010ರಲ್ಲಿ ನೇಮಿಸಿದ್ದು ಕೇಂದ್ರ ಪರಿಸರ ಸಚಿವಾಲಯವೇ. 2011ರ ಆಗಸ್ಟ್‌ನಲ್ಲಿ ವರದಿ ಅದರ ಕೈಸೇರಿತು. ಆಮೇಲೆ ಸದ್ದಿಲ್ಲ.

ಮಾಹಿತಿ ಹಕ್ಕಿನಡಿ ಕೇರಳದ ನಾಗರಿಕರೊಬ್ಬರು ಪ್ರತಿ ಕೇಳಿದರು. ವರದಿ ಇನ್ನೂ ಅಂತಿಮವಾಗಿಲ್ಲ ಎಂದು ಸಚಿವಾಲಯ ನಿರಾಕರಿಸಿತು. ಕೇಂದ್ರ ಮಾಹಿತಿ ಆಯೋಗ ಈ ವಾದವನ್ನು ಒಪ್ಪಲಿಲ್ಲ. ಸಚಿವಾಲಯ ದೆಹಲಿ ಹೈಕೋರ್ಟ್ ಮೆಟ್ಟಿಲೇರಿತು, ಅಲ್ಲಿಯೂ ಸೋತಿತು. 2012ರ ಮೇ ತಿಂಗಳಲ್ಲಿ ವರದಿ ಬಹಿರಂಗವಾಯಿತು. ಅಷ್ಟರಲ್ಲಿ ಸುಮಾರು ಒಂಬತ್ತು ತಿಂಗಳು ಉರುಳಿದ್ದವು.

ವಿಜ್ಞಾನಿಗಳು ಹೇಳಿದ್ದನ್ನೆಲ್ಲ ಸರ್ಕಾರ ಒಪ್ಪಲೇಬೇಕೆಂದಿಲ್ಲ. ಜನರ ಬದುಕು, ಉದ್ಯೋಗ, ವೆಚ್ಚ ಎಲ್ಲವನ್ನೂ ನೋಡಿ ತೀರ್ಮಾನಿಸುವುದು ಚುನಾಯಿತರ ಹೊಣೆ. ಆದರೆ ತಜ್ಞರು ಕಂಡದ್ದು ಕಂಡಂತೆಯೇ ಜನರಿಗೆ ಸಿಗಬೇಕು. ಬಿಟ್ಟದ್ದನ್ನು ಯಾಕೆ ಬಿಟ್ಟೆವೆಂದು ಸರ್ಕಾರ ಬರೆದು ತಿಳಿಸಬೇಕು. ಇಲ್ಲದಿದ್ದರೆ ವಿಜ್ಞಾನದ ಜಾಗದಲ್ಲಿ ಗಾಳಿಸುದ್ದಿ ಬಂದು ಕೂರುತ್ತದೆ. ಮಲೆನಾಡಿನಲ್ಲಿ ಆದದ್ದೂ ಅದೇ. ‘ನಮ್ಮನ್ನು ಒಕ್ಕಲೆಬ್ಬಿಸುತ್ತಾರೆ’ ಎಂಬ ಭಯ ಊರೂರಿಗೆ ಹಬ್ಬಿತು. ವರದಿಯ ಪುಟಗಳು ಮಾತ್ರ ಆ ಊರುಗಳನ್ನು ತಲುಪಲಿಲ್ಲ.

2012ರಲ್ಲಿ ಬಾಹ್ಯಾಕಾಶ ವಿಜ್ಞಾನಿ ಕೆ. ಕಸ್ತೂರಿರಂಗನ್ ನೇತೃತ್ವದಲ್ಲಿ ಇನ್ನೊಂದು ತಂಡ ರಚನೆಯಾಯಿತು. ಉಪಗ್ರಹ ಚಿತ್ರಗಳ ನೆರವಿನಿಂದ ಘಟ್ಟದ ಶೇ. 37ರಷ್ಟು ಭಾಗವನ್ನು ಅದು ಸೂಕ್ಷ್ಮವೆಂದು ಗುರುತಿಸಿತು. ಎರಡು ತಂಡಗಳ ದಾರಿ ಬೇರೆಯಾದದ್ದು ತಪ್ಪಲ್ಲ. ವಿಜ್ಞಾನ ಬೆಳೆಯುವುದೇ ಹಾಗೆ. ಆದರೆ 2014ರಿಂದ ಸೂಕ್ಷ್ಮ ಪ್ರದೇಶ ಘೋಷಿಸುವ ಕೇಂದ್ರದ ಕರಡು ಅಧಿಸೂಚನೆಗಳು ಒಂದರ ಮೇಲೊಂದು ಬಂದವು. ಆರನೆಯದರ ದಿನಾಂಕ 2024ರ ಜುಲೈ 31. ಹಿಂದಿನ ದಿನ ನಸುಕಿನಲ್ಲಷ್ಟೇ ವಯನಾಡಿನ ಗುಡ್ಡಗಳು ಕುಸಿದಿದ್ದವು. ಆ ಕರಡಿನಲ್ಲಿ ಕರ್ನಾಟಕದ 20,668 ಚದರ ಕಿಲೋಮೀಟರ್ ಸೇರಿತ್ತು. ಸೆಪ್ಟೆಂಬರ್‌ನಲ್ಲಿ ರಾಜ್ಯ ಸಂಪುಟ ಕಸ್ತೂರಿರಂಗನ್ ವರದಿಯನ್ನು ತಿರಸ್ಕರಿಸಿತು.

ಗಾಡ್ಗೀಳ್ ಸಮಿತಿ ತನ್ನ ವಲಯಗಳನ್ನೇ ಕೊನೆಯ ಮಾತೆಂದಿರಲಿಲ್ಲ. ವರದಿ ಸ್ಥಳೀಯ ಭಾಷೆಗಳಿಗೆ ಬರಲಿ, ಗ್ರಾಮಸಭೆಗಳಲ್ಲಿ ಚರ್ಚೆಯಾಗಲಿ, ಆಮೇಲೆ ಗಡಿ ನಿಗದಿಯಾಗಲಿ ಎಂದಿತ್ತು. ಸಕಲೇಶಪುರದ ಕಾಫಿ ಬೆಳೆಗಾರರು ಆ ನಕ್ಷೆಯನ್ನು ಪಂಚಾಯಿತಿಯ ಮೇಜಿನ ಮೇಲೆ ಹರಡಿಕೊಂಡು, ತಮ್ಮ ತೋಟ ಯಾವ ಚೌಕದಲ್ಲಿದೆ, ಅದಕ್ಕೆ ಆ ಅಂಕ ಯಾಕೆ ಬಂತು ಎಂದು ಕನ್ನಡದಲ್ಲೇ ಕೇಳಬೇಕಿತ್ತು.