ಪರದೆಯೇ ಇಂದಿನ ಮೇಜು: ವಿಂಡೋಗಳನ್ನು ಅಣಿಗೊಳಿಸುವ ಕಿರುತಂತ್ರಾಂಶಗಳು

ಹಿಂದೆ ಮಂಡಿಯ ಗುಮಾಸ್ತರು ಲೆಕ್ಕ ಬರೆಯಲು ಕುಳಿತರೆಂದರೆ ರೋಜುಕೀರ್ದಿ ಎಡಕ್ಕೆ, ಖಾತೆ ಪುಸ್ತಕ ಬಲಕ್ಕೆ, ಬಿಲ್ಲುಗಳ ಕಟ್ಟು ಎದುರಿಗೆ ಇರುತ್ತಿದ್ದವು. ಯಾವ ಕಾಗದ ಎಲ್ಲಿದೆ ಎಂಬುದು ಕಣ್ಣಿಗಿಂತ ಮೊದಲು ಕೈಗೆ ತಿಳಿದಿರುತ್ತಿತ್ತು. ಇಂದು ಆ ಕೆಲಸವೆಲ್ಲವೂ ಗಣಕಯಂತ್ರದ ಪರದೆಗೆ ಬಂದಿದೆ. ಟ್ಯಾಲಿ, ಎಕ್ಸೆಲ್, ಜಿಎಸ್‌ಟಿ ಪೋರ್ಟಲ್, ಬ್ಯಾಂಕಿನ ಪುಟ, ಇ-ಮೇಲ್, ಪಿಡಿಎಫ್ ರೂಪದ ಖರೀದಿ ಆದೇಶ, ಇವೆಲ್ಲವೂ ಏಕಕಾಲದಲ್ಲಿ ತೆರೆದಿರುತ್ತವೆ. ಆದರೆ ಪೂರ್ಣವಾಗಿ ಕಾಣುವುದು ಎಲ್ಲಕ್ಕಿಂತ ಮೇಲಿರುವ ಒಂದು ವಿಂಡೋ ಮಾತ್ರ. ಉಳಿದವು ಅದರ ಹಿಂದೆ ಮರೆಯಾಗಿರುತ್ತವೆ. ಮೇಜು ದೊಡ್ಡದಿದ್ದರೂ ಕಾಗದಗಳನ್ನೆಲ್ಲ ಒಂದರ ಮೇಲೊಂದು ಪೇರಿಸಿ ಕೆಲಸ ಮಾಡಿದಂತಾಗಿದೆ ಇಂದಿನ ಅನೇಕ ಕಛೇರಿಗಳ ಸ್ಥಿತಿ.

ಈ ಅಡಚಣೆಯನ್ನು ನಿವಾರಿಸುವ ಸಲುವಾಗಿಯೇ ರೂಪುಗೊಂಡ ಕಿರುತಂತ್ರಾಂಶಗಳಿವೆ. ಇವು ಲೆಕ್ಕ ಬರೆಯುವುದಿಲ್ಲ, ಪತ್ರ ಸಿದ್ಧಪಡಿಸುವುದಿಲ್ಲ. ತೆರೆದಿರುವ ವಿಂಡೋಗಳನ್ನು ಎಲ್ಲಿ, ಎಷ್ಟು ಅಳತೆಯಲ್ಲಿ, ಯಾವುದರ ಜೊತೆಯಲ್ಲಿ ಇರಿಸಬೇಕೆಂಬುದಷ್ಟೇ ಇವುಗಳ ಕಾರ್ಯ. ಹಲವು ಉಚಿತವಾಗಿ ದೊರೆಯುತ್ತವೆ. ಕೆಲವು ಸೌಲಭ್ಯಗಳಂತೂ ಗಣಕದಲ್ಲಿ ಈಗಾಗಲೇ ಇವೆ.

ಮರೆಯಾದ ಪುಟದ ಬೆಲೆ

ಇ-ವೇ ಬಿಲ್ಲಿನ ಉದಾಹರಣೆಯನ್ನೇ ತೆಗೆದುಕೊಳ್ಳಬಹುದು. 2018ರ ಏಪ್ರಿಲ್ 1ರಂದು ಅಂತರರಾಜ್ಯ ಸಾಗಣೆಗೆ ದೇಶಾದ್ಯಂತ ಈ ಪದ್ಧತಿ ಜಾರಿಗೆ ಬಂದಾಗ, ರಾಜ್ಯದೊಳಗಿನ ಸಾಗಣೆಗೂ ಅಂದೇ ಅದನ್ನು ಅಳವಡಿಸಿಕೊಂಡ ರಾಜ್ಯ ಕರ್ನಾಟಕ. ಸಾಮಾನ್ಯವಾಗಿ 50,000 ರೂ. ಮೀರಿದ ಸರಕಿಗೆ ಈ ಬಿಲ್ಲು ಅಗತ್ಯ. ಲೆಕ್ಕದ ತಂತ್ರಾಂಶದಿಂದ ನೇರವಾಗಿ ಬಿಲ್ಲು ಪಡೆಯುವ ಅನುಕೂಲವಿದ್ದರೂ, ಸಣ್ಣ ಕಛೇರಿಗಳಲ್ಲಿ ಒಂದು ವಿಂಡೋದಲ್ಲಿ ಇನ್‌ವಾಯ್ಸ್ ನೋಡಿ ಇನ್ನೊಂದರಲ್ಲಿ ವಿವರ ತುಂಬುವ ರೂಢಿ ಉಳಿದಿದೆ. 15 ಅಕ್ಷರಗಳ ಜಿಎಸ್‌ಟಿ ಸಂಖ್ಯೆ, ಇನ್‌ವಾಯ್ಸ್ ಸಂಖ್ಯೆ, ಮೌಲ್ಯ, ವಾಹನ ಸಂಖ್ಯೆ ಇವುಗಳನ್ನು ವಿಂಡೋದಿಂದ ವಿಂಡೋಕ್ಕೆ ಜಿಗಿಯುತ್ತ, ನೆನಪಿನಲ್ಲಿಟ್ಟುಕೊಂಡು ನಮೂದಿಸಬೇಕಾಗುತ್ತದೆ. ಅಷ್ಟರಲ್ಲಿ ದೂರವಾಣಿ ಕರೆಯೊಂದು ಬಂದರೆ, ಹಿಂದಿರುಗಿದಾಗ ಮೇಲೆ ಬಂದಿರುವುದು ಬೇರೊಬ್ಬ ಗಿರಾಕಿಯ ಇನ್‌ವಾಯ್ಸ್ ಆಗಿರಲೂಬಹುದು.

ಒಮ್ಮೆ ಸೃಜಿಸಿದ ಇ-ವೇ ಬಿಲ್ಲಿನಲ್ಲಿ ವಾಹನದ ವಿವರವನ್ನು ಬದಲಿಸಬಹುದೇ ಹೊರತು ಸರಕು, ಮೌಲ್ಯ, ಪಕ್ಷಗಾರರ ವಿವರಗಳನ್ನು ತಿದ್ದಲಾಗದು. ತಪ್ಪಾಗಿದ್ದರೆ 24 ಗಂಟೆಗಳೊಳಗೆ, ಅದೂ ಮಾರ್ಗಮಧ್ಯೆ ಅಧಿಕಾರಿಗಳು ಪರಿಶೀಲಿಸುವ ಮೊದಲು, ಅದನ್ನು ರದ್ದುಪಡಿಸಿ ಹೊಸದನ್ನು ಪಡೆಯಬೇಕು. ನಿಯಮೋಲ್ಲಂಘನೆ ಕಂಡುಬಂದಲ್ಲಿ ಸರಕು ಮತ್ತು ವಾಹನವನ್ನು ತಡೆಹಿಡಿಯಲು ಕೇಂದ್ರ ಜಿಎಸ್‌ಟಿ ಕಾಯ್ದೆಯ 129ನೆಯ ಪ್ರಕರಣವು ಅಧಿಕಾರ ನೀಡುತ್ತದೆ. ಎರಡು ವಿಂಡೋಗಳು ಅಕ್ಕಪಕ್ಕದಲ್ಲಿ ಕಾಣುತ್ತಿದ್ದರೆ ತಪ್ಪಿಸಬಹುದಾಗಿದ್ದ ಪ್ರಮಾದಕ್ಕೆ ಲಾರಿ ರಸ್ತೆಯ ಬದಿಯಲ್ಲಿ ನಿಲ್ಲಬೇಕಾಗುತ್ತದೆ.

ಪೇರಿಕೆ ಬಂದ ಬಗೆ

1985ರ ನವೆಂಬರ್‌ನಲ್ಲಿ ಬಿಡುಗಡೆಯಾದ ವಿಂಡೋಸ್‌ನ ಮೊದಲ ಆವೃತ್ತಿಯಲ್ಲಿ ವಿಂಡೋಗಳು ನೆಲಕ್ಕೆ ಹಾಸಿದ ಚಪ್ಪಡಿಗಳಂತೆ ಒಂದರ ಪಕ್ಕದಲ್ಲೊಂದು ಕೂರುತ್ತಿದ್ದವು. 1987ರ ಎರಡನೆಯ ಆವೃತ್ತಿಯಲ್ಲಿ ಒಂದರ ಮೇಲೊಂದು ಬರುವ ವ್ಯವಸ್ಥೆ ಬಂದಿತು. 1995ರಲ್ಲಿ ಪರದೆಯ ತಳದ ಟಾಸ್ಕ್‌ಬಾರ್ ಸೇರಿಕೊಂಡಿದ್ದರಿಂದ ಮರೆಯಾದ ವಿಂಡೋವನ್ನು ಹುಡುಕಿ ಕರೆಯುವುದು ಸುಲಭವಾಯಿತು.

ಅಮೆರಿಕದ ಜೆರಾಕ್ಸ್ ಸಂಸ್ಥೆಯ ಪಾಲೋ ಆಲ್ಟೋ ಸಂಶೋಧನಾ ಕೇಂದ್ರದಲ್ಲಿ ಆಸ್ಟಿನ್ ಹೆಂಡರ್‌ಸನ್ ಮತ್ತು ಸ್ಟೂವರ್ಟ್ ಕಾರ್ಡ್ ಅವರು 1986ರಲ್ಲೇ ಈ ಸಮಸ್ಯೆಯನ್ನು ವಿಶ್ಲೇಷಿಸಿದ್ದರು. ಬಳಕೆದಾರರು ವಿಂಡೋಗಳನ್ನು ಬಿಡಿಬಿಡಿಯಾಗಿ ಬಳಸುವುದಿಲ್ಲ. ಒಂದು ಕಾರ್ಯಕ್ಕೆ ಒಂದು ಗುಂಪು, ಇನ್ನೊಂದು ಕಾರ್ಯಕ್ಕೆ ಇನ್ನೊಂದು ಗುಂಪು ಬೇಕಾಗುತ್ತದೆ ಎಂಬುದನ್ನು ಅವರು ಗುರುತಿಸಿದರು. ಪ್ರತಿ ಕಾರ್ಯಕ್ಕೂ ಒಂದು ಕೊಠಡಿಯಿದ್ದಂತೆ ಪರದೆಯನ್ನು ಬದಲಾಯಿಸುವ 'ರೂಮ್ಸ್' ಎಂಬ ವ್ಯವಸ್ಥೆಯನ್ನು ರೂಪಿಸಿದರು. ವಿಂಡೋಗಳನ್ನು ತಂತ್ರಾಂಶದ ಹೆಸರಿನಿಂದಲ್ಲ, ಕೆಲಸದಿಂದ ವಿಂಗಡಿಸಬೇಕು ಎಂಬ ಈ ತತ್ತ್ವವೇ ಇಂದಿಗೂ ಇಂತಹ ಸಾಧನಗಳ ತಳಹದಿಯಾಗಿದೆ.

ಗಣಕದಲ್ಲಿ ಈಗಾಗಲೇ ಇರುವುದು

ಅಂಗೈಯಲ್ಲಿ ಬೆಣ್ಣೆ ಇಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆಯುವ ಸಂದರ್ಭ ಇಲ್ಲಿ ಸಾಮಾನ್ಯ. 2009ರ ವಿಂಡೋಸ್ 7ರಿಂದಲೇ, ವಿಂಡೋಸ್ ಕೀಲಿಯನ್ನು ಒತ್ತಿಹಿಡಿದು ಎಡ ಅಥವಾ ಬಲ ಬಾಣದ ಕೀಲಿಯನ್ನು ಒತ್ತಿದರೆ ವಿಂಡೋ ಅರ್ಧ ಪರದೆಗೆ ಸರಿಯಾಗಿ ಕೂರುತ್ತದೆ. ಇನ್‌ವಾಯ್ಸ್ ಎಡಕ್ಕೆ, ಪೋರ್ಟಲ್ ಬಲಕ್ಕೆ ಎಂದಿರಿಸಲು ಎರಡು ಕ್ಷಣ ಸಾಕು. 2015ರ ವಿಂಡೋಸ್ 10ರಲ್ಲಿ ಹಲವು ಡೆಸ್ಕ್‌ಟಾಪ್‌ಗಳ ಸೌಲಭ್ಯ ಸೇರಿತು. ವಿಂಡೋಸ್, ಕಂಟ್ರೋಲ್ ಮತ್ತು ಡಿ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಹೊಸ ಡೆಸ್ಕ್‌ಟಾಪ್ ತೆರೆಯುತ್ತದೆ. ಡಿ ಬದಲು ಬಾಣದ ಕೀಲಿ ಒತ್ತಿದರೆ ಒಂದರಿಂದ ಇನ್ನೊಂದಕ್ಕೆ ಹೋಗಬಹುದು. ತೆರಿಗೆಯ ಕೆಲಸಕ್ಕೊಂದು, ಬ್ಯಾಂಕಿನ ಹೊಂದಾಣಿಕೆಗೊಂದು, ಪತ್ರವ್ಯವಹಾರಕ್ಕೊಂದು ಎಂದು ಇವನ್ನು ಮೀಸಲಿಡಬಹುದು. 2021ರ ವಿಂಡೋಸ್ 11ರಲ್ಲಿ ವಿಂಡೋಸ್ ಮತ್ತು ಝಡ್ ಕೀಲಿಗಳನ್ನು ಒತ್ತಿದರೆ ಪರದೆಯ ವಿಭಜನೆಯ ಸಿದ್ಧ ನಮೂನೆಗಳು ಮೂಡುತ್ತವೆ.

ಆಪಲ್ ಗಣಕಗಳಲ್ಲಿ 2003ರಲ್ಲಿ ಎಲ್ಲ ವಿಂಡೋಗಳನ್ನೂ ಚಿಕ್ಕದಾಗಿಸಿ ಒಟ್ಟಿಗೆ ತೋರಿಸುವ 'ಎಕ್ಸ್‌ಪೋಸೇ', 2007ರಲ್ಲಿ ಹಲವು ಡೆಸ್ಕ್‌ಟಾಪ್‌ಗಳ 'ಸ್ಪೇಸಸ್' ಬಂದವು. ವಿಂಡೋವನ್ನು ಪರದೆಯ ಅಂಚಿಗೆ ಎಳೆದು ಜೋಡಿಸುವ ಸೌಲಭ್ಯ ಅಲ್ಲಿ ಸೇರಿದ್ದು 2024ರಲ್ಲಿ. ಅದಕ್ಕೆ ಮುನ್ನ 'ರೆಕ್ಟ್ಯಾಂಗಲ್', 'ಮ್ಯಾಗ್ನೆಟ್' ಮುಂತಾದ ಹೊರಗಿನ ತಂತ್ರಾಂಶಗಳೇ ಆ ಕೊರತೆಯನ್ನು ತುಂಬುತ್ತಿದ್ದವು.

ಹೆಚ್ಚುವರಿ ಸಾಧನಗಳು

ಇವಿಷ್ಟು ಸಾಲದಾದಾಗ ಹೆಚ್ಚುವರಿ ಸಾಧನಗಳ ಪ್ರಶ್ನೆ ಬರುತ್ತದೆ. ಇವುಗಳಲ್ಲಿ ಮೊದಲು ಪರಿಶೀಲಿಸಬೇಕಾದದ್ದು ಮೈಕ್ರೋಸಾಫ್ಟ್ ಸಂಸ್ಥೆಯೇ ನೀಡುವ 'ಪವರ್‌ಟಾಯ್ಸ್'. ವಿಂಡೋಸ್ 95ರ ಕಾಲದಲ್ಲಿ ಹುಟ್ಟಿದ ಈ ಸಂಗ್ರಹ, ಎಕ್ಸ್‌ಪಿ ಆವೃತ್ತಿಯ ನಂತರ ದೀರ್ಘಕಾಲ ನಿಂತುಹೋಗಿ, 2019ರಲ್ಲಿ ಮುಕ್ತ ತಂತ್ರಾಂಶವಾಗಿ ಮರಳಿತು. ಇದರಲ್ಲಿನ 'ಫ್ಯಾನ್ಸಿಝೋನ್ಸ್' ಮೂಲಕ ಪರದೆಯನ್ನು ಬೇಕಾದ ಅಳತೆಯ ವಲಯಗಳಾಗಿ ವಿಭಾಗಿಸಿಕೊಂಡು, ಶಿಫ್ಟ್ ಕೀಲಿ ಹಿಡಿದು ವಿಂಡೋವನ್ನು ಎಳೆದು ಆಯಾ ವಲಯಕ್ಕೆ ಬಿಡಬಹುದು. ಅಗಲ ಪರದೆಯ ಮಾನಿಟರ್‌ಗಳಿಗೆ ಇದು ವಿಶೇಷವಾಗಿ ಅನುಕೂಲಕರ. 'ಆಲ್ವೇಸ್ ಆನ್ ಟಾಪ್' ಸೌಲಭ್ಯದಲ್ಲಿ ವಿಂಡೋಸ್, ಕಂಟ್ರೋಲ್ ಮತ್ತು ಟಿ ಕೀಲಿಗಳನ್ನು ಒತ್ತಿದರೆ, ದರಪಟ್ಟಿಯಂತಹ ವಿಂಡೋ ಸದಾ ಎಲ್ಲಕ್ಕಿಂತ ಮೇಲೆ ನಿಲ್ಲುತ್ತದೆ. 2024ರಲ್ಲಿ ಸೇರಿದ 'ವರ್ಕ್‌ಸ್ಪೇಸಸ್' ಒಂದು ಕಾರ್ಯಕ್ಕೆ ಬೇಕಾದ ತಂತ್ರಾಂಶಗಳನ್ನೆಲ್ಲ ನಿಗದಿತ ಸ್ಥಾನಗಳಲ್ಲಿ ಒಮ್ಮೆಗೇ ತೆರೆಯುತ್ತದೆ.

ಎರಡು ಮೂರು ಮಾನಿಟರ್ ಬಳಸುವ ಕಛೇರಿಗಳಿಗೆ 'ಡಿಸ್‌ಪ್ಲೇಫ್ಯೂಷನ್', 'ಆಕ್ಚುಯಲ್ ವಿಂಡೋ ಮ್ಯಾನೇಜರ್' ಮುಂತಾದವು ಪರಿಚಿತ. ಇವು ವಿಂಡೋದ ಶೀರ್ಷಿಕೆಪಟ್ಟಿಗೆ ಹೊಸ ಗುಂಡಿಗಳನ್ನು ಸೇರಿಸಿ, ಒಂದೇ ಒತ್ತಿಗೆ ವಿಂಡೋವನ್ನು ಮುಂದಿನ ಮಾನಿಟರ್‌ಗೆ ಕಳುಹಿಸುತ್ತವೆ. ವಿಂಡೋಸ್ 98ರಿಂದಲೇ ಹಲವು ಮಾನಿಟರ್‌ಗಳ ಬಳಕೆ ಸಾಧ್ಯವಿದ್ದರೂ ಪ್ರತಿ ಮಾನಿಟರ್‌ನಲ್ಲೂ ಟಾಸ್ಕ್‌ಬಾರ್ ದೊರೆತದ್ದು 2012ರ ವಿಂಡೋಸ್ 8ರಲ್ಲಿ. ಅಲ್ಲಿಯವರೆಗೆ 'ಅಲ್ಟ್ರಾಮಾನ್'ನಂತಹ ಹೊರಗಿನ ತಂತ್ರಾಂಶಗಳು ಅದನ್ನು ಒದಗಿಸುತ್ತಿದ್ದವು. ಹೊರಗಿನವರು ಮೊದಲು ಮಾಡಿದ್ದನ್ನು ವಿಂಡೋಸ್ ನಂತರ ಒಳಗೊಂಡ ಇಂತಹ ನಿದರ್ಶನಗಳಿರುವುದರಿಂದ, ಹಣ ತೆತ್ತು ಕೊಳ್ಳುವ ಮೊದಲು ಬೇಕಾದ ಸೌಲಭ್ಯ ಗಣಕದಲ್ಲೇ ಇದೆಯೇ ಎಂದು ನೋಡುವುದು ಜಾಣತನ.

ಗಮನಿಸಬೇಕಾದ ಅಂಶಗಳು

ಮೊದಲನೆಯದು ಪರವಾನಗಿ. ಕೆಲವು ಕಿರುತಂತ್ರಾಂಶಗಳು ವೈಯಕ್ತಿಕ ಬಳಕೆಗೆ ಮಾತ್ರ ಉಚಿತ. ವ್ಯಾಪಾರ ಸಂಸ್ಥೆಯಲ್ಲಿ ಬಳಸಲು ಶುಲ್ಕ ತೆರಬೇಕು. 'ಉಚಿತ' ಎಂಬ ಪದವನ್ನಷ್ಟೇ ನೋಡಿ ಕಛೇರಿಯ ಹತ್ತು ಗಣಕಗಳಿಗೂ ಅಳವಡಿಸಿದರೆ ಅದು ಪರವಾನಗಿಯ ಉಲ್ಲಂಘನೆಯಾಗುತ್ತದೆ.

ಎರಡನೆಯದು ಭದ್ರತೆ. ಇತರ ತಂತ್ರಾಂಶಗಳ ವಿಂಡೋಗಳನ್ನು ಹಿಡಿದು ಸರಿಸಬೇಕಾದ್ದರಿಂದ ಈ ಸಾಧನಗಳಿಗೆ ಗಣಕದ ಒಳಗಿನವರೆಗೂ ಪ್ರವೇಶವಿರುತ್ತದೆ. ಕೀಲಿಮಣೆಯ ಒತ್ತುಗಳನ್ನು ಗಮನಿಸುವ ಸಾಮರ್ಥ್ಯವೂ ಕೆಲವಕ್ಕಿರುತ್ತದೆ. ಅದೇ ಕೀಲಿಮಣೆಯಲ್ಲಿ ಬ್ಯಾಂಕಿನ ಗುಪ್ತಪದವನ್ನೂ ಬೆರಳಚ್ಚಿಸಲಾಗುತ್ತದೆ ಎಂಬುದನ್ನು ಮರೆಯಬಾರದು. ಆದುದರಿಂದ ತಯಾರಕರ ಅಧಿಕೃತ ತಾಣದಿಂದ ಮಾತ್ರ ಪಡೆಯಬೇಕು. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿರುವುದರಿಂದ, ಅಂತಹ ಗಣಕಗಳಿಗೆ ಹೊಸ ಸಾಧನ ಸೇರಿಸುವುದಕ್ಕಿಂತ ಮೊದಲು ಭದ್ರತಾ ಪರಿಷ್ಕರಣೆಯ ವ್ಯವಸ್ಥೆಯಾಗಬೇಕು.

ಮೂರನೆಯದು ತಾಂತ್ರಿಕ ಮಿತಿ. ಅಡ್ಮಿನಿಸ್ಟ್ರೇಟರ್ ಅಧಿಕಾರದಲ್ಲಿ ತೆರೆದ ತಂತ್ರಾಂಶದ ವಿಂಡೋವನ್ನು ಸಾಮಾನ್ಯ ಅಧಿಕಾರದಲ್ಲಿ ನಡೆಯುವ ಕಿರುತಂತ್ರಾಂಶ ನಿಯಂತ್ರಿಸಲಾರದು. ಒಂದು ವಿಂಡೋ ಮಾತ್ರ ಮಾತು ಕೇಳದಿದ್ದರೆ ಕಾರಣ ಸಾಮಾನ್ಯವಾಗಿ ಇದೇ ಆಗಿರುತ್ತದೆ; ಸಾಧನ ಕೆಟ್ಟಿದೆಯೆಂದು ಭಾವಿಸಬೇಕಿಲ್ಲ.

ಆರಂಭಿಸುವ ಕ್ರಮ

ಯಾವ ಸಾಧನವನ್ನೂ ಆರಿಸುವ ಮೊದಲು, ಮಾಲೀಕರು ಲೆಕ್ಕ ಬರೆಯುವ ಸಿಬ್ಬಂದಿಯ ಪಕ್ಕದಲ್ಲಿ ಅರ್ಧ ಗಂಟೆ ಕುಳಿತು, ಯಾವ ಕಾರ್ಯಕ್ಕೆ ಯಾವ ವಿಂಡೋಗಳು ಒಟ್ಟಿಗೆ ಬೇಕಾಗುತ್ತವೆ ಎಂದು ಪಟ್ಟಿ ಮಾಡುವುದು ಒಳಿತು. ಮೊದಲ ವಾರ ಬಾಣದ ಕೀಲಿಗಳ ಜೋಡಣೆಯನ್ನು ಮಾತ್ರ ರೂಢಿಸಿಕೊಂಡು, ಸಾಲದಿದ್ದಲ್ಲಿ ಒಂದೇ ಗಣಕದಲ್ಲಿ ಹೆಚ್ಚುವರಿ ಸಾಧನವನ್ನು ಪರೀಕ್ಷಿಸಿ, ಅನಂತರ ಉಳಿದವಕ್ಕೆ ವಿಸ್ತರಿಸಬಹುದು. ಮಾಸಿಕ ವಿವರಪಟ್ಟಿ ಸಲ್ಲಿಸುವವರಿಗೆ ತಿಂಗಳ 11 ಮತ್ತು 20ನೆಯ ತಾರೀಖುಗಳು ಒತ್ತಡದ ದಿನಗಳಾದ್ದರಿಂದ, ಈ ಪ್ರಯೋಗಕ್ಕೆ ತಿಂಗಳ ಕೊನೆಯ ವಾರವೇ ಸೂಕ್ತ.