ಕೆರೆಯಂಚಿನ ಕಿರುಮೀನು

ನಂದಿಬೆಟ್ಟದಲ್ಲಿ ಹುಟ್ಟಿದ ಅರ್ಕಾವತಿಯು ಮಾಗಡಿ, ರಾಮನಗರ, ಕನಕಪುರಗಳ ಸೀಮೆಯನ್ನು ಹಾದು ಸಂಗಮದಲ್ಲಿ ಕಾವೇರಿಯನ್ನು ಕೂಡುತ್ತದೆ; ಚನ್ನಪಟ್ಟಣದ ಕಣ್ವ ನದಿಯು ಶಿಂಷೆಯ ಮೂಲಕ ಅದೇ ಕಾವೇರಿಗೆ ಸಲ್ಲುತ್ತದೆ. ಕಾವೇರಿಯ ಮೀನೆಂದೊಡನೆ ಮಡುಗಳಲ್ಲಿ ಬೆಳೆಯುವ ಭಾರಿ ಮಹಶೀರ್ ನೆನಪಿಗೆ ಬರುವುದು ಸಹಜ. ಆದರೆ ನಾವಿಂದು ವಿಚಾರಮಾಡಬೇಕೆಂದಿರುವುದು ಈ ಜಲಾನಯನಕ್ಕೆ ಸೇರಿದ, ಬೆರಳುದ್ದದ ಒಂದು ಮೀನನ್ನು ಕುರಿತು.

ಇದಕ್ಕೆ ಪ್ಯಾಂಚಾಕ್ಸ್ ಎಂದು ಹೆಸರು. ೧೮೪೬ರಲ್ಲಿ ಫ್ರಾನ್ಸಿನ ಪ್ರಾಣಿಶಾಸ್ತ್ರಜ್ಞ ವಾಲಾನ್ಸಿಯೆನ್ ಇದನ್ನು ಮೊದಲು ವರ್ಣಿಸಿದನು. ಇಂದಿನ ಶಾಸ್ತ್ರೀಯ ನಾಮವು ಅಪ್ಲೊಕೈಲಸ್ ಲಿನಿಯೇಟಸ್. ಹೆಚ್ಚೆಂದರೆ ೧೦ ಸೆಂಟಿಮೀಟರು ಉದ್ದ. ಮೈಯುದ್ದಕ್ಕೂ ಹೊನ್ನಿನ ಚುಕ್ಕೆಗಳ ಸಾಲು. ನೆತ್ತಿಯಲ್ಲಿ ಹೊಳೆಯುವ ಬಿಳಿಯ ಬೊಟ್ಟು. ಚಪ್ಪಟೆಯಾದ ತಲೆ, ಮೇಲ್ಮುಖವಾದ ಬಾಯಿ. ಜೊಂಡಿನ ನಡುವೆ, ನೀರಿನ ಮೇಲ್ಮೈಗೆ ತಾಗಿಯೇ ಇದರ ವಾಸ.

ಈ ರಚನೆಯ ಅರ್ಥವು ಇದರ ಆಹಾರದಿಂದ ತಿಳಿಯುತ್ತದೆ. ಸೊಳ್ಳೆಯ ಮರಿಹುಳುವು ಉಸಿರಾಡಲು ನೀರಿನ ಮೇಲಕ್ಕೆ ಬರಲೇಬೇಕು. ಮಲೇರಿಯಾವನ್ನು ಹರಡುವ ಅನಾಫಿಲೀಸ್ ಸೊಳ್ಳೆಯ ಮರಿಯಾದರೋ ಮೇಲ್ಮೈಗೆ ಸಮನಾಗಿ ಮಲಗಿರುತ್ತದೆ. ಅಲ್ಲಿಯೇ ಕಾದಿರುವ ಪ್ಯಾಂಚಾಕ್ಸಿಗೆ ಅದು ಬಾಯಿಗೆ ಬಂದ ತುತ್ತು.

ಇಂತಹ ಮೀನು ನಮ್ಮಲ್ಲಿಯೇ ಇದ್ದರೂ, ಸೊಳ್ಳೆಯ ನಿವಾರಣೆಗೆಂದು ೧೯೨೮ರಲ್ಲಿ ಇಟಲಿಯಿಂದ ಗ್ಯಾಂಬೂಸಿಯಾ ಎಂಬ ಮೀನನ್ನು ಭಾರತಕ್ಕೆ ತರಲಾಯಿತು. ಅದರ ತವರು ಅಮೆರಿಕ. ಉದ್ದೇಶವೇನೋ ಒಳ್ಳೆಯದೇ, ಮಲೇರಿಯಾದಿಂದ ಅಂದಿನ ಜನರು ಪಟ್ಟ ಪಾಡು ಅಲ್ಪವಾದುದಲ್ಲ. ಆದರೆ ಗ್ಯಾಂಬೂಸಿಯಾ ಸೊಳ್ಳೆಯ ಮರಿಯನ್ನು ಮಾತ್ರವೇ ತಿನ್ನುವ ವ್ರತವನ್ನೇನೂ ತೊಟ್ಟಿಲ್ಲ. ಅನ್ಯ ಮೀನುಗಳ ಮೊಟ್ಟೆಮರಿಗಳನ್ನೂ ಅದು ತಿನ್ನುತ್ತದೆ. ದೊಡ್ಡ ಮೀನುಗಳ ಈಜುರೆಕ್ಕೆಗಳನ್ನೂ ಕಚ್ಚುತ್ತದೆ. ಆಸ್ಟ್ರೇಲಿಯಾದಲ್ಲಿ ಈ ಕುಲದ ಮೀನುಗಳಿಂದ ಅಲ್ಲಿನ ಕಿರುಮೀನುಗಳಿಗೂ ಕಪ್ಪೆಗಳಿಗೂ ಹಾನಿಯಾಗಿದೆ.

ಇವೆರಡೂ ಒಂದೇ ನೀರಿನಲ್ಲಿ ಸೇರಿದರೆ ಸ್ಪರ್ಧೆಯು ಸಮವಲ್ಲ. ಗ್ಯಾಂಬೂಸಿಯಾ ಈಜಬಲ್ಲ ಮರಿಗಳನ್ನೇ ಹತ್ತಾರಾಗಿ ಹಡೆಯುತ್ತದೆ. ಪ್ಯಾಂಚಾಕ್ಸ್ ಆದರೋ ದಿನಕ್ಕೆ ಕೆಲವೇ ಮೊಟ್ಟೆಗಳನ್ನು ಜೊಂಡಿಗೆ ಅಂಟಿಸುತ್ತದೆ. ಅವು ಒಡೆಯಲು ಸುಮಾರು ಎರಡು ವಾರ ಹಿಡಿಯುತ್ತದೆ. ಅಷ್ಟು ದಿನವೂ ಅವಕ್ಕೆ ಜೊಂಡೇ ತೊಟ್ಟಿಲು.

ಆದುದರಿಂದ ನಮ್ಮ ಕರ್ತವ್ಯವು ಸ್ಪಷ್ಟವಾಗಿದೆ. ಕೆರೆಯನ್ನು ಶುದ್ಧಿಮಾಡುವಾಗ ಅಂಚಿನ ಜೊಂಡನ್ನೆಲ್ಲ ಒಮ್ಮೆಗೇ ಕಿತ್ತುಹಾಕದೆ ಅಲ್ಲಲ್ಲಿ ಉಳಿಸಬೇಕು. ಗ್ಯಾಂಬೂಸಿಯಾವನ್ನಾಗಲಿ, ಮನೆಯ ಗಾಜಿನ ತೊಟ್ಟಿಯ ಪರದೇಶದ ಮೀನನ್ನಾಗಲಿ ಕೆರೆಗೆ ಬಿಡಬಾರದು. ಒಮ್ಮೆ ಬಿಟ್ಟ ಮೀನನ್ನು ಹಿಂದಕ್ಕೆ ಪಡೆಯುವ ಬಲೆಯನ್ನು ಯಾವ ಬೆಸ್ತನೂ ಇದುವರೆಗೆ ಹೆಣೆದಿಲ್ಲ.